ಮಗ್ಗದೂರಿನಿಂದ ಬಂದ ಮಾರುತಿ

(ಬಾನುಲಿ ಭಾಷಣ)

ನಮ್ಮ ಸೀಮೆಯಲ್ಲಿ ಮಾರುತಿ ಎಂಬ ಹೆಸರಿಗೆ ಹಲವರು ಒಡೆಯರು. ಊರಬಾಗಿಲಲ್ಲಿ ಸಿಂಧೂರ ಬಳಿದುಕೊಂಡು ನಿಂತ ಹನುಮಪ್ಪ ಮೊದಲನೆಯವನು. ಅವನ ಹೆಸರನ್ನು ಹೊತ್ತ ಗಂಡುಮಕ್ಕಳು ಓಣಿಗೆ ನಾಲ್ವರಾದರೂ ಸಿಗುತ್ತಾರೆ. ದಾವಣಗೆರೆಯಲ್ಲಿ ಅದೇ ದೇವರ ಹೆಸರಿನ ಹತ್ತಿ ಗಿರಣಿಯೊಂದಿತ್ತು, ಆಂಜನೇಯ ಮಿಲ್ಲು. 1983ರಲ್ಲಿ ಈ ಸಾಲಿಗೆ ಒಂದು ಕಾರು ಬಂದು ಸೇರಿತು. ವಾಯುಪುತ್ರನ ಹೆಸರು ಓಡುವ ವಾಹನಕ್ಕೆ ಒಪ್ಪುತ್ತದೆ, ಸರಿಯೆ. ಆದರೆ ಈ ಮಾರುತಿ ಹುಟ್ಟಿದ್ದು ತುಂಗಭದ್ರೆಯ ದಂಡೆಯ ಅಂಜನಾದ್ರಿಯಲ್ಲಲ್ಲ; ಜಪಾನಿನ ಹಮಾಮಾತ್ಸು ಎಂಬ ಊರಿನ ಕಂಪನಿಯಲ್ಲಿ. ಅದರ ಹುಟ್ಟುಹೆಸರು ಆಲ್ಟೊ. ಸಮುದ್ರಲಂಘನವನ್ನೇನೋ ಪುರಾಣದ ಮಾರುತಿಯಂತೆಯೇ ಮಾಡಿತು. ಅದೂ ಒಂದು ಸಲವಲ್ಲ, ಹಲವು ಸಲ, ಹಲವು ದಿಕ್ಕಿಗೆ. ಆ ಚಿಕ್ಕ ಕಾರಿನ ದೇಶಸಂಚಾರದ ಕಥೆಯನ್ನು ಇಂದು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಕಾರಿನ ಕಥೆ ಹೇಳಲು ನಿಮಗೇನು ಅಧಿಕಾರ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ನಾನು ಪಾಠ ಹೇಳಿ ನಿವೃತ್ತನಾದವನು. ಸೈಕಲ್ಲಿಗಿಂತ ದೊಡ್ಡ ವಾಹನವನ್ನು ನಡೆಸಿದವನಲ್ಲ. ಆದರೆ ನನ್ನ ಊರು ಬಾತಿ. ದಾವಣಗೆರೆಗೂ ಹರಿಹರಕ್ಕೂ ನಡುವೆ, ನಾವು ಪಿ.ಬಿ. ರಸ್ತೆ ಎಂದು ಕರೆಯುವ ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿದೆ. ಹುಡುಗನಾಗಿದ್ದಾಗ ರಸ್ತೆಯ ಅಂಚಿನಲ್ಲಿ ಕೂತು ಗಾಡಿ ಎಣಿಸುವುದು ನಮಗೊಂದು ಆಟವಾಗಿದ್ದಿತು. ಎಣಿಸುವುದು ಬಹಳವೇನೂ ಇರುತ್ತಿರಲಿಲ್ಲ. ಹತ್ತಿಯ ಲಾರಿಗಳು, ಬಸ್ಸುಗಳು. ಕಾರೆಂದರೆ ಅಂಬಾಸಡರು, ಫಿಯಟ್ಟು, ಅಪರೂಪಕ್ಕೊಂದು ಸ್ಟ್ಯಾಂಡರ್ಡ್ ಹೆರಾಲ್ಡು. ಮೂಡಣಕ್ಕೆ ಹತ್ತಿ ನೂಲುವ ಊರು, ಪಡುವಣಕ್ಕೆ ಕಬ್ಬಿಣ ಕಡೆಯುವ ಊರು, ನಡುವೆ ಕೆರೆಯೊಂದನ್ನು ಮುಂದಿಟ್ಟುಕೊಂಡ ನಮ್ಮ ಬಾತಿ. ಈ ಎರಡು ಊರುಗಳ ಮಾತು ಏಕೆ ಬಂತೆಂಬುದು ಮುಂದೆ ತಮಗೇ ತಿಳಿಯುತ್ತದೆ.

ಹಮಾಮಾತ್ಸು ಮೊದಲು ಕಾರಿನ ಊರಾಗಿರಲಿಲ್ಲ. ಅದು ಮಗ್ಗದ ಊರು. ಅಲ್ಲಿ ಬಡಗಿಯ ಕೆಲಸ ಕಲಿತ ಮಿಚಿಯೊ ಸುಜುಕಿ ಎಂಬ ತರುಣರು 1909ರಲ್ಲಿ ಮಗ್ಗ ಮಾಡುವ ಕಾರ್ಖಾನೆ ತೆರೆದರು. ಅವರು ಮಾಡಿದ ಮೊದಲ ಮಗ್ಗ ತಮ್ಮ ತಾಯಿಗಾಗಿ ಎಂದು ಹೇಳುತ್ತಾರೆ. 1920ರಲ್ಲಿ ಅದು ಕಂಪನಿಯಾಯಿತು. ಆ ಸೀಮೆಯ ನೀರಿನಲ್ಲೇ ಏನೋ ಇದ್ದಿರಬೇಕು: ಟೊಯೊಟಾ ಕಾರಿನ ಮನೆತನದ ಮೂಲಪುರುಷರಾದ ಸಾಕಿಚಿ ಟೊಯೊಡಾ ಹುಟ್ಟಿದ್ದು ಅಲ್ಲಿಗೆ ಸಮೀಪದಲ್ಲಿ, ಅವರೂ ಮಗ್ಗದವರೇ. ಅವರ ಸ್ವಯಂಚಾಲಿತ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಕೊಂಡಿತು. ಜಗತ್ತಿಗೆಲ್ಲ ಜವಳಿ ಯಂತ್ರ ಮಾರುತ್ತಿದ್ದವರೇ ಜಪಾನಿನ ಮಗ್ಗಕ್ಕೆ ಹಣ ತೆತ್ತರು! ಸುಜುಕಿಯವರು ಮೂವತ್ತರ ದಶಕದಲ್ಲೇ ಕಾರಿನ ಕನಸು ಕಂಡಿದ್ದರು. ಯುದ್ಧ ಅದನ್ನು ನುಂಗಿತು. 1951ರಲ್ಲಿ ಹತ್ತಿಯ ಪೇಟೆ ಕುಸಿದಾಗ ಮಗ್ಗ ಕೊಳ್ಳುವವರು ಇಲ್ಲವಾದರು. ಮರುವರ್ಷ ಕಂಪನಿ ಸೈಕಲ್ಲಿಗೆ ಪುಟ್ಟ ಎಂಜಿನ್ನು ಜೋಡಿಸಿ ಮಾರಿತು. 1955ರಲ್ಲಿ ಸುಜುಲೈಟ್ ಎಂಬ ಪುಟಾಣಿ ಕಾರು ಹೊರಬಂತು. ಹೊಟ್ಟೆಪಾಡು ಕನಸನ್ನು ಎಬ್ಬಿಸಿತು ಎನ್ನೋಣ.

ಇಲ್ಲಿ ಒಂದು ಕಾಯಿದೆಯ ವಿಷಯ ಹೇಳಬೇಕು. ಜಪಾನಿನ ಸರ್ಕಾರ ಯುದ್ಧಾನಂತರ ಚಿಕ್ಕ ಕಾರುಗಳಿಗೆಂದೇ ಒಂದು ವರ್ಗವನ್ನು ಮಾಡಿತು. ಇಷ್ಟೇ ಉದ್ದ, ಇಷ್ಟೇ ಅಗಲ, ಇಷ್ಟೇ ಎಂಜಿನ್ನು. ಆ ಗೆರೆಯೊಳಗಿದ್ದರೆ ತೆರಿಗೆ ಕಡಿಮೆ. ಎಂಜಿನ್ನಿಗೆ 1955ರಲ್ಲಿ 360 ಸಿ.ಸಿ. ಮಿತಿಯಿದ್ದಿತು, 1976ರಲ್ಲಿ 550 ಆಯಿತು. ಉದ್ದ ಹತ್ತೂವರೆ ಅಡಿ, ಅಗಲ ನಾಲ್ಕೂವರೆ ಅಡಿಗೆ ತುಸು ಹೆಚ್ಚು. ಷಟ್ಪದಿಯಲ್ಲಿ ಬರೆಯುವ ಕವಿಗೆ ಮಾತ್ರೆಯ ಲೆಕ್ಕ ಹೇಗೋ ಹಾಗೆ. ಕಟ್ಟು ಬಿಗಿಯಾಗಿದ್ದಷ್ಟೂ ಒಳಗೆ ಜಾಣತನ ಬೇಕಾಗುತ್ತದೆ.

ಆ ಜಾಣತನ ತೋರಿದವರು ಒಸಾಮು ಸುಜುಕಿ. ಹುಟ್ಟಿದ ಮನೆಯ ಹೆಸರು ಮತ್ಸುದಾ. ಸುಜುಕಿ ಮನೆತನದ ಹೆಣ್ಣನ್ನು ಮದುವೆಯಾಗಿ ಆ ಮನೆಯ ಹೆಸರನ್ನೇ ತೊಟ್ಟರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮನೆಯಳಿಯ. ಮನೆಯಳಿಯನೆಂದರೆ ನಮ್ಮಲ್ಲಿ ತುಟಿಯಂಚಿನಲ್ಲಿ ನಗುವುದುಂಟು. ಈ ಅಳಿಯ 1978ರಲ್ಲಿ ಕಂಪನಿಯ ಅಧ್ಯಕ್ಷರಾದರು. ಮರುವರ್ಷ, 1979ರ ಮೇ ತಿಂಗಳಲ್ಲಿ, ಆಲ್ಟೊ ಕಾರನ್ನು ಪೇಟೆಗೆ ತಂದರು. ಬೆಲೆ 4,70,000 ಯೆನ್ನು, ದೇಶಕ್ಕೆಲ್ಲ ಒಂದೇ ಬೆಲೆ. ಅಷ್ಟು ಅಗ್ಗಕ್ಕೆ ಕೊಟ್ಟಿದ್ದರ ಗುಟ್ಟು ಹೀಗೆ: ಜನ ಕೂರುವ ಕಾರಿಗೆ ಸರಕು ತೆರಿಗೆಯಿದ್ದಿತು, ಸಾಮಾನು ಸಾಗಿಸುವ ಗಾಡಿಗೆ ಇರಲಿಲ್ಲ. ಆದ್ದರಿಂದ ಆಲ್ಟೊವನ್ನು ಕಾಗದದ ಮೇಲೆ ಸಾಮಾನಿನ ಗಾಡಿಯೆಂದೇ ಬರೆಸಿದರು. ಹಿಂದಿನ ಸೀಟು ಹೆಸರಿಗೆ ಮಾತ್ರ. ಕೊಂಡವರು ರೈತರು, ಅಂಗಡಿಯವರು, ಮನೆಯ ಹೆಣ್ಣುಮಕ್ಕಳು. ಸಾಗಿಸಿದ್ದು ಮಕ್ಕಳನ್ನು, ಸಂತೆಯ ಚೀಲವನ್ನು. ಕಾಯಿದೆ ಮುರಿಯಲಿಲ್ಲ, ಖರ್ಚೂ ಉಳಿಯಿತು. ಮಂಡಿಪೇಟೆಯ ವರ್ತಕರು ಕೇಳಿದ್ದರೆ ಮೆಚ್ಚಿ ತಲೆದೂಗುತ್ತಿದ್ದರು. ಕಾರಿನ ಹೆಸರಿನಲ್ಲೂ ಶ್ಲೇಷವಿತ್ತು. ಆಲ್ಟೊ ಎಂಬುದು ಇಟಾಲಿಯನ್ ಭಾಷೆಯ ಮಾತು. ಜಪಾನೀ ನಾಲಗೆಯಲ್ಲಿ ಅದು 'ಅರುತೊ' ಆಗುತ್ತದೆ. 'ಅರು ತೊ' ಎಂದು ಒಡೆದರೆ 'ಇದ್ದರೆ' ಎಂಬ ಅರ್ಥ ಬರುತ್ತದಂತೆ. ಕಾರನ್ನು ಬಿಡುಗಡೆ ಮಾಡುವಾಗ ಒಸಾಮು ಅವರು 'ಇದ್ದರೆ ಅನುಕೂಲ, ಅದಕ್ಕೇ ಆಲ್ಟೊ' ಎಂಬ ಧಾಟಿಯಲ್ಲಿ ಚಟಾಕಿ ಹಾರಿಸಿದರಂತೆ.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಜನರ ಕಾರೊಂದನ್ನು ಮಾಡುತ್ತೇವೆಂದು 1971ರಲ್ಲಿ ಹೊರಟ ಸಂಜಯ ಗಾಂಧಿಯವರ ಮಾರುತಿ ಕಂಪನಿ ಆ ದಶಕ ಮುಗಿಯುವುದರೊಳಗೆ ಮುಳುಗಿತು. ಹೆಸರೂ ಗುರಗಾಂವದ ಜಾಗವೂ ಉಳಿದವು. ಸರ್ಕಾರ ಅವನ್ನು ವಹಿಸಿಕೊಂಡು 1981ರ ಫೆಬ್ರವರಿಯಲ್ಲಿ ಮಾರುತಿ ಉದ್ಯೋಗ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ವಿ. ಕೃಷ್ಣಮೂರ್ತಿ, ಆರ್.ಸಿ. ಭಾರ್ಗವ ಮೊದಲಾದವರು ಜೊತೆಗಾರರನ್ನು ಹುಡುಕಿಕೊಂಡು ದೇಶದೇಶಗಳ ಕಂಪನಿಗಳ ಬಾಗಿಲು ತಟ್ಟಿದರು. ಕೊನೆಗೆ ಕೈಹಿಡಿದದ್ದು ಸುಜುಕಿ. 1982ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಒಪ್ಪಂದಕ್ಕೆ ಸಹಿ ಬಿತ್ತು. ಸುಜುಕಿಯ ಪಾಲು ನೂರಕ್ಕೆ 26. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈಯನ್ನು ಹರ್ಪಾಲ್ ಸಿಂಗ್ ಎಂಬವರ ಕೈಗಿತ್ತರು. ಅದು ಸಂಜಯರ ಹುಟ್ಟಿದ ದಿನವೂ ಹೌದು. ಬೆಲೆ 47,500 ರೂಪಾಯಿ. ಲಕ್ಷಕ್ಕೂ ಹೆಚ್ಚು ಜನ ಮುಂಗಡ ಕಟ್ಟಿ ಸರದಿಯಲ್ಲಿ ನಿಂತರು.

ಜಪಾನಿನ ಮಿತಿ 550 ಸಿ.ಸಿ. ಆದರೂ ಹೊರದೇಶಗಳಿಗೆಂದು ಅದೇ ಒಡಲಿಗೆ 796 ಸಿ.ಸಿ.ಯ, ಮೂರು ಸಿಲಿಂಡರಿನ ಎಂಜಿನ್ನನ್ನು ಕೂರಿಸಿದ್ದರು. ನಮ್ಮ ಕಾರಿನ ಹೆಸರಿನ ಬಾಲದಲ್ಲಿರುವ ಎಂಟುನೂರು ಅದೇ. ಜಪಾನೀಯರೂ ನಮ್ಮಂತೆ ರಸ್ತೆಯ ಎಡಗಡೆ ನಡೆಯುವವರಾದ್ದರಿಂದ ಸ್ಟೀರಿಂಗನ್ನು ಅತ್ತಿತ್ತ ಸರಿಸುವ ಕೆಲಸವೂ ಇರಲಿಲ್ಲ. ಅಂಬಾಸಡರಿನಲ್ಲಿ ಎಂಜಿನ್ನು ಮುಂದೆ, ಎಳೆತ ಹಿಂದಿನ ಗಾಲಿಗೆ. ನಡುವೆ ಉದ್ದನೆಯ ಕಬ್ಬಿಣದ ದಂಡ. ಇದರಲ್ಲಿ ಎಂಜಿನ್ನನ್ನು ಅಡ್ಡಲಾಗಿಟ್ಟು ಮುಂದಿನ ಗಾಲಿಗಳಿಂದಲೇ ಎಳೆಸಿದ್ದರು. ಉಳಿದ ಜಾಗವೆಲ್ಲ ಕೂರುವವರ ಪಾಲಿಗೆ. ಇಡೀ ಕಾರಿನ ತೂಕ ಏಳು ಕ್ವಿಂಟಾಲಿಗಿಂತ ಕಡಿಮೆ.

ಇಂಥದೊಂದು ಮೊದಲ ಬಾರಿಗೆ ನಮ್ಮೂರ ಬಳಿಯ ಮೇಸ್ತ್ರಿಯ ಶೆಡ್ಡಿಗೆ ಬಂದಾಗ ನಾನು ಅಲ್ಲಿದ್ದೆ. ಪುಣೆಯ ಕಡೆಯಿಂದ ಬಂದವರ ಗಾಡಿ, ಗಾಲಿ ಪಂಕ್ಚರಾಗಿದ್ದಿತು. ಲಾರಿಗಳ ಗಿಯರುಬಾಕ್ಸನ್ನು ಎದೆಯ ಮೇಲೆ ಇಳಿಸಿಕೊಂಡು ರೂಢಿಯಾಗಿದ್ದ ಮೇಸ್ತ್ರಿ ಅದರ ಹನ್ನೆರಡಂಗುಲದ ಚಕ್ರವನ್ನು ಒಂದು ಕೈಯಲ್ಲೆತ್ತಿ ನಕ್ಕ. "ಮೇಷ್ಟ್ರೇ, ಇದು ಗಾಡಿ ಅಲ್ರಿ, ಬೆಣ್ಣಿ ಡಬ್ಬಿ. ನಮ್ಮ ರೋಡಿನಾಗೆ ಎರಡು ವರ್ಷ ತಡದ್ರೆ ಹೇಳ್ರಿ" ಎಂದ. ತಡೆಯಿತು. ಹತ್ತು ವರ್ಷಗಳ ಮೇಲೆ ಚೌಕಿಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಷಡ್ಡಕರು ಕೈಬದಲಾದ ಎಂಟುನೂರೊಂದನ್ನು ಕೊಂಡು ಅದೇ ಶೆಡ್ಡಿಗೆ ತಂದಾಗ ಮೇಸ್ತ್ರಿಯ ಮಾತು ಬೇರೆಯಾಗಿತ್ತು. "ತಗೋರಿ ಸಾವ್ಕಾರ್ರೆ, ಧೈರ್ಯವಾಗಿ ತಗೋರಿ. ಬಡವರ ಮನಿ ಸೊಸಿ ಇದ್ದಂಗ ಐತಿ. ಕೊಟ್ಟಿದ್ದು ಉಣ್ತೈತಿ, ಕರೆದಲ್ಲಿಗೆ ಬರ್ತೈತಿ." ಈ ಹೋಲಿಕೆ ನಮ್ಮ ಮನೆಯಾಕೆಗೆ ಹಿಡಿಸಲಿಲ್ಲವೆಂಬುದನ್ನು ಬೇರೆ ಹೇಳಬೇಕಿಲ್ಲ. ಆದರೆ ಗುಮಾಸ್ತರೊಬ್ಬರನ್ನು ಮೇಸ್ತ್ರಿ ಸಾವ್ಕಾರ್ರೆ ಎಂದು ಕರೆದದ್ದು ಅದೇ ಮೊದಲು; ಅದನ್ನು ಕೇಳಿ ಅವರ ಮುಖದಲ್ಲಿ ಮೂಡಿದ ಕಳೆಯನ್ನು ನಾನು ಮರೆತಿಲ್ಲ. ಅಲ್ಲಿಯವರೆಗೆ ಕಾರೆಂದರೆ ಗಿರಣಿಯ ಯಜಮಾನರದು, ಡಾಕ್ಟರರದು, ಸರ್ಕಾರದ್ದು.

1985ರ ಅನಂತರ ಯೆನ್ನಿನ ಬೆಲೆ ಏರಿತು. ಮೊದಲು ಜಪಾನಿನಿಂದ ಪೆಟ್ಟಿಗೆಗಳಲ್ಲಿ ಬರುತ್ತಿದ್ದ ಬಿಡಿಭಾಗಗಳು ದುಬಾರಿಯಾದವು. ಅವನ್ನು ಇಲ್ಲಿಯೇ ಮಾಡಿಸದೆ ಗತಿಯಿಲ್ಲವಾಯಿತು. 1986ರಲ್ಲಿ ಜಪಾನಿನ ಎರಡನೆಯ ತಲೆಮಾರಿನ ಆಲ್ಟೊ ನಮ್ಮಲ್ಲಿ ಹೊಸ ಎಂಟುನೂರಾಗಿ ಬಂತು. ನಾವೆಲ್ಲ ಕಣ್ಣುಮುಚ್ಚಿ ನೆನೆಯುವ ರೂಪ ಅದೇ. ಅದರ ಬಿಡಿಭಾಗಗಳು ಒಂದೊಂದಾಗಿ ಭಾರತೀಯವಾಗುತ್ತ ಬಂದವು. 1987ರಲ್ಲಿ ಇಲ್ಲಿ ತಯಾರಾದ 500 ಕಾರುಗಳು ಹಂಗೆರಿಗೆ ಹೋದವು. ಹಮಾಮಾತ್ಸುವಿನ ಮಗು ಗುರಗಾಂವದಲ್ಲಿ ಬೆಳೆದು ಯುರೋಪಿಗೆ ಹೊರಟಂತಾಯಿತು. ಅನಂತರ ಬಂದ ಜೆನ್ ಎಂಬ ಕಾರು 1994ರಿಂದ ಯುರೋಪಿನಲ್ಲಿ ಆಲ್ಟೊ ಎಂಬ ಹೆಸರಿನಲ್ಲೇ ಮಾರಾಟವಾಯಿತು. ನಮ್ಮಲ್ಲಿ ಆಲ್ಟೊ ಮಾರುತಿಯಾಗಿತ್ತು. ಅಲ್ಲಿ ಮಾರುತಿಯ ಕಾರು ಆಲ್ಟೊ ಆಯಿತು. ನಮಗೆ ಆಲ್ಟೊ ಎಂಬ ಹೆಸರು ಸಿಕ್ಕಿದ್ದು 2000ದಲ್ಲಿ, ಅದರ ಒಡಲು ಬಂದ ಹದಿನೇಳು ವರ್ಷಗಳ ಮೇಲೆ.

ಹೆಸರುಗಳ ಈ ಸಂತೆ ಬೇರೆ ದೇಶಗಳಲ್ಲಿ ಇನ್ನೂ ಸ್ವಾರಸ್ಯವಾಗಿದೆ. ಆಸ್ಟ್ರೇಲಿಯಾದಲ್ಲಿ ಅದನ್ನು ಹ್ಯಾಚ್ ಎಂದರು. ಪಾಕಿಸ್ತಾನದಲ್ಲಿ ಮೊದಲ ತಲೆಮಾರಿನದು ಎಫ್‌ಎಕ್ಸ್ ಎಂಬ ಬರಿಯ ಅಕ್ಷರವಾಗಿ ಓಡಾಡಿತು. 1989ರಲ್ಲಿ ಎರಡನೆಯದು ಬಂದಾಗ ಮೆಹ್ರಾನ್ ಎಂದು ಕರೆದರು. ಸಿಂಧ ಪ್ರಾಂತದ ಜನ ಸಿಂಧೂನದಿಗೆ ಇಟ್ಟುಕೊಂಡ ಹೆಸರು ಅದು. ಒಂದೇ ಅಚ್ಚಿನಲ್ಲಿ ಎರಕವಾದ ಕಾರು ಗಡಿಯ ಈಚೆ ಗಾಳಿಯ ಮಗ, ಆಚೆ ನದಿ! ಎರಡೂ ಕಡೆ ಅದರಲ್ಲಿ ಕೂತವರು ಒಂದೇ ತೆರನ ಜನ: ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತರು, ಸಣ್ಣ ವ್ಯಾಪಾರಿಗಳು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಮೊಮ್ಮಕ್ಕಳು. ಎರಡು ದೇಶಗಳ ಮೇಸ್ತ್ರಿಗಳನ್ನು ಒಂದು ಶೆಡ್ಡಿನಲ್ಲಿ ಬಿಟ್ಟರೆ ಬೋನೆಟ್ಟಿನ ಕೆಳಗೆ ಅವರಿಗೆ ದುಭಾಷಿ ಬೇಕಾಗುತ್ತಿರಲಿಲ್ಲ.

ಚೀನದಲ್ಲಿ ಅದನ್ನು ಕೈಗೆತ್ತಿಕೊಂಡದ್ದು ಆಯುಧ ಮಾಡುತ್ತಿದ್ದ ಕಾರ್ಖಾನೆಗಳು. ಛಾಂಗಾನ್ ಅವುಗಳಲ್ಲಿ ಪ್ರಸಿದ್ಧವಾದದ್ದು. ಶೀಆನ್ ನಗರದ ಇನ್ನೊಂದು ಕಾರ್ಖಾನೆ ಆಲ್ಟೊ ಮಾಡಿ ಕೈಪಳಗಿಸಿಕೊಂಡು, ಅದರ ಆಧಾರದ ಮೇಲೆಯೇ ತನ್ನದೊಂದು ಚಿಕ್ಕ ಕಾರನ್ನು ತಯಾರಿಸಿತು. 2003ರಲ್ಲಿ ಅದನ್ನು ಬ್ಯಾಟರಿ ತಯಾರಿಸುತ್ತಿದ್ದ ಕಂಪನಿಯೊಂದು ಕೊಂಡಿತು. ಆ ಕಂಪನಿಯ ಹೆಸರು ಬಿವೈಡಿ. ಇಂದು ಜಗತ್ತಿನ ವಿದ್ಯುತ್ ಕಾರುಗಳ ಮಾತು ಬಂದಾಗ ಅದನ್ನು ಬಿಟ್ಟು ಮಾತಾಡುವಂತಿಲ್ಲ. ಕೊರಿಯದಲ್ಲಿ ಮೂರನೆಯ ತಲೆಮಾರಿನ ಆಲ್ಟೊ 1991ರಲ್ಲಿ ದೇವೂ ಕಂಪನಿಯ ಟಿಕೊ ಆಯಿತು. 1996ರಿಂದ ಉಜ್ಬೆಕಿಸ್ತಾನದಲ್ಲಿ ತಯಾರಾಯಿತು. ದೂರದ ಪೆರು ದೇಶದ ಲೀಮಾ ನಗರದ ಬೀದಿಗಳಲ್ಲಿ ಟ್ಯಾಕ್ಸಿಯಾಗಿ ದುಡಿಯಿತು. ಟಿಕೊದ ಬೆನ್ನಿಗೆ ಬಂದ ಮಾಟಿಜ್ 1998ರಲ್ಲಿ ನಮ್ಮ ದೇಶಕ್ಕೂ ಬಂತು. ಅದರ ಎಂಜಿನ್ನೂ 796 ಸಿ.ಸಿ., ಅದೇ ಬೀಜದ್ದು. ಅಕ್ಕತಂಗಿಯರ ಮಕ್ಕಳು ಗುರುತಿಲ್ಲದೆ ಜಾತ್ರೆಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಹೋಗುವಂತೆ ಅವೆರಡೂ ಪಿ.ಬಿ. ರಸ್ತೆಯಲ್ಲಿ ಒಂದನ್ನೊಂದು ದಾಟಿ ಹೋದವು.

2004ರ ಹೊತ್ತಿಗೆ ಎಂಟುನೂರರ ಅಗ್ರಸ್ಥಾನ ಅದರದೇ ಹೆಸರುಗಾರ ತಮ್ಮನಾದ ಆಲ್ಟೊಗೆ ಹೋಯಿತು. 2010ರ ಏಪ್ರಿಲ್ಲಿನಲ್ಲಿ ಹೊಗೆಯ ಹೊಸ ನಿಯಮ ಹದಿಮೂರು ನಗರಗಳಲ್ಲಿ ಜಾರಿಗೆ ಬಂದಾಗ ಹಳೆಯ ಎಂಜಿನ್ನು ಆ ಪರೀಕ್ಷೆಗೆ ಕೂರಲಿಲ್ಲ. ಬೆಂಗಳೂರಿನಲ್ಲಿ ಮಾರಾಟ ನಿಂತಿತು, ಸೊಲ್ಲಾಪುರದಲ್ಲಿ ನಿಂತಿತು. ದಾವಣಗೆರೆಯಂಥ ಊರುಗಳಿಗೆ ಮಾತ್ರ ಬಾಗಿಲು ತೆರೆದಿತ್ತು. ರಾಜಧಾನಿಯವರಿಗೆ ಸಿಗದ ವಸ್ತುವೊಂದು ನಮಗೆ ಸಿಕ್ಕುವುದು ಅಪರೂಪ. ಸಿಕ್ಕಾಗಲೂ ಅದು ಹೊಗೆಯ ನೆಪದಿಂದ ಸಿಕ್ಕಿತು! 2014ರ ಜನವರಿ 18ರಂದು ಗುರಗಾಂವದಲ್ಲಿ ಕೊನೆಯ ಎಂಟುನೂರು ತಯಾರಾಯಿತು. ಮೂವತ್ತು ವರ್ಷಗಳಲ್ಲಿ ಸುಮಾರು 28 ಲಕ್ಷ 70 ಸಾವಿರ ಕಾರುಗಳು. ಅವುಗಳಲ್ಲಿ ಎರಡು ಲಕ್ಷ ಹೊರದೇಶಗಳಿಗೆ. ಗಡಿಯಾಚೆಯ ಮೆಹ್ರಾನ್ ಇನ್ನೂ ಐದು ವರ್ಷ ಬಾಳಿ 2019ರಲ್ಲಿ ನಿಂತಿತು. ಇಷ್ಟರಲ್ಲಿ ಮನೆಯ ಯಜಮಾನಿಕೆಯೂ ಬದಲಾಗಿತ್ತು. 2002ರಲ್ಲಿ ಮಾರುತಿ ಕಂಪನಿಯ ಬಹುಪಾಲು ಸುಜುಕಿಯ ಕೈಗೆ ಬಂತು. 2007ರಲ್ಲಿ ಸರ್ಕಾರ ತನ್ನಲ್ಲುಳಿದ ಪಾಲನ್ನೂ ಮಾರಿ ಹೊರಬಂತು. 2024ರ ಡಿಸೆಂಬರ್ 25ರಂದು ಒಸಾಮು ಸುಜುಕಿಯವರು ತೀರಿಕೊಂಡರು. ಮರುತಿಂಗಳು ಭಾರತ ಸರ್ಕಾರ ಅವರಿಗೆ ಪದ್ಮವಿಭೂಷಣವನ್ನು ಮರಣೋತ್ತರವಾಗಿ ಘೋಷಿಸಿತು.

ಮೊದಲು ಹೇಳಿದ ಎರಡು ಊರುಗಳ ಮಾತಿಗೆ ಈಗ ಬರುತ್ತೇನೆ. ಹಮಾಮಾತ್ಸುವಿನ ಕಥೆಯನ್ನು ಓದುವಾಗೆಲ್ಲ ನನ್ನ ಮನಸ್ಸು ಬಾತಿಯ ಎರಡು ದಿಕ್ಕಿಗೂ ಹೊರಳುತ್ತದೆ. ಅಲ್ಲಿ ಹತ್ತಿಯ ಪೇಟೆ ಬಿದ್ದಾಗ ಮಗ್ಗದವರು ಕಾರು ಮಾಡಿದರು. ನಮ್ಮ ದಾವಣಗೆರೆಯ ಕಾಟನ್ ಮಿಲ್ಲು, ಶಂಕರ ಮಿಲ್ಲು, ಆಂಜನೇಯ ಮಿಲ್ಲು, ಚಂದ್ರೋದಯ ಮಿಲ್ಲುಗಳ ಕೂಗು ಒಂದು ಕಾಲಕ್ಕೆ ಸುತ್ತಿನ ಹಳ್ಳಿಗಳಿಗೆಲ್ಲ ಗಡಿಯಾರವಾಗಿತ್ತು. ಅವು ಒಂದೊಂದಾಗಿ ಸುಮ್ಮನಾದವು. ಕಾರ್ಮಿಕರ ಮಕ್ಕಳು ಬೇರೆ ಕಸುಬು ಹಿಡಿದರು. ಊರು ಕಾಲೇಜುಗಳ ಊರಾಯಿತು. ಹತ್ತಿಯಿಂದ ಏನೂ ಹುಟ್ಟಲಿಲ್ಲವೆಂದು ಹೇಳಲಾರೆ. ಆದರೆ ಯಂತ್ರ ಹುಟ್ಟಲಿಲ್ಲ.

ನಮಗೆ ಯಂತ್ರದ ವಿದ್ಯೆ ಇರಲಿಲ್ಲವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಹರಿಹರ ಅದಕ್ಕೆ ಸಾಕ್ಷಿ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಮೊದಲುಮಾಡಿದ ಕಿರ್ಲೋಸ್ಕರ ಮನೆತನದವರು 1941ರಲ್ಲಿ ತುಂಗಭದ್ರೆಯ ದಂಡೆಯಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ಹೂಡಿದರು. ಅಲ್ಲಿ ತಯಾರಾದದ್ದು ಲೇತುಗಳು. ಲೇತೆಂದರೆ ಯಂತ್ರಗಳ ತಾಯಿ. ಕಾರಿನ ಅಚ್ಚೂ ಅದರಿಂದಲೇ, ಮಗ್ಗದ ಉರುಳೆಯೂ ಅದರಿಂದಲೇ. ಕೂದಲೆಳೆಯ ಲೆಕ್ಕದಲ್ಲಿ ಕಬ್ಬಿಣ ಕಡೆಯಬಲ್ಲ ಕೈಗಳು ಬಾತಿಯಿಂದ ದಿನವೂ ಸೈಕಲ್ಲಿನ ಮೇಲೆ ಹರಿಹರಕ್ಕೆ ಹೋಗುತ್ತಿದ್ದವು. ಅವರಲ್ಲಿ ಕೆಲವರ ಮಕ್ಕಳು ನನ್ನ ವಿದ್ಯಾರ್ಥಿಗಳಾಗಿದ್ದರು. ಕೈಯಲ್ಲಿ ವಿದ್ಯೆಯಿತ್ತು, ಹತ್ತಿರದಲ್ಲೇ ಬಂಡವಾಳವಿತ್ತು. ಇಲ್ಲದಿದ್ದದ್ದು ಎಡವಲು ಜಾಗ. ನನ್ನ ಎಣಿಕೆ ಇಷ್ಟು: ಜಪಾನಿನ ಸರ್ಕಾರ ಒಂದು ಚಿಕ್ಕ ಚೌಕವನ್ನು ಬರೆದು, ಇದರೊಳಗೆ ಯಾರು ಬೇಕಾದರೂ ಆಡಿ ಎಂದಿತು. ನಮ್ಮಲ್ಲಿ ಪರ್ಮಿಟ್ಟು ಪಡೆದ ಎರಡು ಮೂರು ಮನೆಗಳವರು ಮಾತ್ರ ಆಡಬಹುದಿತ್ತು. ಅವರಿಗೂ ಇಷ್ಟೇ ಕಾರು ಎಂಬ ಮಿತಿ. ಜಪಾನಿನ ಚೌಕ ಅಳತೆಯದು, ನಮ್ಮದು ಅನುಮತಿಯದು. ಇದನ್ನು ಒಪ್ಪದವರು ಇರಬಹುದು. ಪರ್ಮಿಟ್ಟಿನ ಕಾಲದ ರಕ್ಷಣೆಯಿಲ್ಲದಿದ್ದರೆ ಹರಿಹರದ ಲೇತುಗಳೇ ಇರುತ್ತಿರಲಿಲ್ಲವೆಂದು ವಾದಿಸುವವರನ್ನು ನಾನು ಬಲ್ಲೆ. ಅವರ ಮಾತಿನಲ್ಲೂ ತಿರುಳಿದೆ.

ಇದರಲ್ಲಿ ಇನ್ನೊಂದು ಎಳೆಯಿದೆ. ಟೊಯೊಡಾ ಅವರ ಜವಳಿ ಯಂತ್ರದ ಕಂಪನಿಯೂ ಕಿರ್ಲೋಸ್ಕರರೂ 1995ರಲ್ಲಿ ಕೈಜೋಡಿಸಿದರು. 1997ರಲ್ಲಿ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಆಯಿತು. ಕನ್ನಡನಾಡಿಗೆ ಜಪಾನೀ ಕಾರಿನ ಕಾರ್ಖಾನೆ ಬಂದದ್ದು ಮಗ್ಗದ ಸಂಬಂಧ ಹಿಡಿದುಕೊಂಡೇ. ಆದರೆ ಅಷ್ಟು ಹೊತ್ತಿಗೆ ಹರಿಹರದ ಕಾರ್ಖಾನೆಗೆ ಕೆಟ್ಟ ದಿನಗಳು ಬಂದಿದ್ದವು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅದು ನಿಂತುಹೋಯಿತು. ಅಲ್ಲಿ ದುಡಿದವರೊಬ್ಬರು ನನಗೆ ತಿಳಿದಿದ್ದಾರೆ. ಮನೆಯ ಮುಂದೆ ಸಣ್ಣದೊಂದು ಲೇತು ಹಾಕಿಕೊಂಡು ಪಂಪುಸೆಟ್ಟುಗಳ ಬುಷ್ಷು ಕಡೆದುಕೊಡುತ್ತಾರೆ. ಹಳೆಯ ಎಂಟುನೂರಿಗೆ ಪೇಟೆಯಲ್ಲಿ ಸಿಗದ ಸಣ್ಣಪುಟ್ಟ ಭಾಗ ಬೇಕಾದರೆ ನಮ್ಮ ಮೇಸ್ತ್ರಿಯ ಮಗ ಅವರ ಹತ್ತಿರವೇ ಓಡುತ್ತಾನೆ. ಅಳತೆ ಕೇಳುವುದಿಲ್ಲ ಅವರು. ಸವೆದುಹೋದ ತುಂಡನ್ನು ಬೆರಳ ನಡುವೆ ತಿರುವಿ ನೋಡಿ, "ನಾಳೆ ಬಾರಪ್ಪ" ಎನ್ನುತ್ತಾರೆ.

ಅಂಥ ಎಂಟುನೂರುಗಳು ನಮ್ಮ ಕಡೆ ಇನ್ನೂ ಕೆಲವು ಇವೆ. ಬಿಳಿಯ ಬಣ್ಣದ ಒಂದು, ಡ್ರೈವಿಂಗ್ ಶಾಲೆಯ ಗಾಡಿ, ಬೆಳಗಿನ ಹೊತ್ತು ಕೆರೆಯ ಕಡೆಯ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಿರುತ್ತದೆ. ಮೊನ್ನೆ ಅದನ್ನು ನಡೆಸುತ್ತಿದ್ದವಳು ನಮ್ಮ ಬೀದಿಯ ಹುಡುಗಿ. ಅವಳ ಅಜ್ಜ ಶಂಕರ ಮಿಲ್ಲಿನಲ್ಲಿ ನೇಯುತ್ತಿದ್ದವರು. ನನ್ನನ್ನು ಕಂಡು ನಿಲ್ಲಿಸಲು ಹೋದಳು. ಗಾಡಿ ಎರಡು ಸಲ ಕುಪ್ಪಳಿಸಿ ನಿಂತಿತು.